ಉಗುಳುಬಟ್ಟಲು

ಐರೋಲೋದಲ್ಲಿ, ಸುರಂಗದ ಬಾಯಿಗೆ ಎದುರು,
ಹಾಸಿಗೆ ಆರಲು ಬಿಡುತ್ತಿರಲಿಲ್ಲ ನಾನು.
ಒಬ್ಬ ಎದ್ದು ದೀಪ ಹಿಡಿದು ಹೊರಟರೆ
ಅವನ ಬಿಸಿಯಲ್ಲೇ ಇನ್ನೊಬ್ಬ ಮಲಗುತ್ತಿದ್ದ.
ಮೂರು ಪಾಳಿ, ಒಂದೇ ಕಂಬಳಿ,
ಬಾಡಿಗೆ ಮಾತ್ರ ತಲೆಗಿಷ್ಟು.

ಎವಾಸಿಯೋ ಬಂದದ್ದು ವೆರ್ಚೆಲ್ಲಿಯ ಭತ್ತದ ಬಯಲಿಂದ,
ಕೆನ್ನೆ ತುಂಬ ರಕ್ತ, ಬಾಯಿ ತುಂಬ ಸುಳ್ಳು.
"ಬೆಟ್ಟದ ಆ ತುದಿಯಿಂದಲೂ ಕೊರೀತಾ ಇದ್ದಾರೆ, ಸೆಕೊಂದಿನಕ್ಕ,
ರಾತ್ರಿ ಕಲ್ಲಿಗೆ ಕಿವಿ ಇಟ್ಟರೆ
ಅವರ ಹಾಡು ಕೇಳಿಸುತ್ತೆ."

ಹೊರಗೆ ಮೊಣಕಾಲುದ್ದ ಹಿಮ.
ಒಳಗೆ ಚಡ್ಡಿಯಲ್ಲಿ ಕೆಲಸ, ಅಷ್ಟು ಸೆಕೆ.
ಪಾಯಿಖಾನೆ ಯಾರೂ ಕಟ್ಟಿಸಿರಲಿಲ್ಲ,
ಕತ್ತಲಿದೆಯಲ್ಲ, ಅದೇ ಗೋಡೆ.
ಬೂಟು ಕೊಳೆತ ಮೇಲೆ
ಆ ಕೆಸರಲ್ಲಿ ಬರಿಗಾಲು.

ಮೊದಲು ಬೆರಳ ಸಂದಿಯಲ್ಲಿ ತುರಿಕೆ.
ಉಪ್ಪುನೀರು ಕಾಸಿಕೊಟ್ಟೆ. ನಕ್ಕ.
ವಾರ ಕಳೆದು ಒಣಕೆಮ್ಮು.
ಕಲ್ಲಿನ ಧೂಳು ಅಂದ. ನಾನೂ ಹಾಗೇ ಅಂದೆ.
ಕೆಮ್ಮುತ್ತಿದ್ದ, ನುಂಗುತ್ತಿದ್ದ,
ಕೆಮ್ಮುತ್ತಿದ್ದ, ನುಂಗುತ್ತಿದ್ದ.
ಉಗುಳೋ, ಬಟ್ಟಲಿದೆ, ಎಂದರೆ
"ಮನೆಯೊಳಗೆ ಉಗುಳಬಾರದು, ಅಮ್ಮ ಹೇಳಿದ್ದಾಳೆ."
ಒಳ್ಳೆ ಹುಡುಗ.

ಆಮೇಲೆ ಬಣ್ಣ ಇಳಿಯಿತು.
ತುಟಿ, ಉಗುರು, ಕಣ್ಣಿನ ಒಳಗೆಂಪು.
ನಾಲ್ಕು ಮೆಟ್ಟಿಲಿಗೆ ಎರಡು ಸಲ ನಿಂತ.
ಹಾಸಿಗೆ ಪಕ್ಕದ ಗೋಡೆಯಲ್ಲಿ
ಸುಣ್ಣ ಕೆರೆದು ತಿಂದ ಗುರುತು,
ಬೆಕ್ಕಿನ ಪಂಜ ಆಡಿಸಿದ ಹಾಗೆ.

ತೊರಿನೋ ಆಸ್ಪತ್ರೆಯಲ್ಲಿ ಅವನ ಬಟ್ಟೆಗಂಟು ಕೊಟ್ಟರು,
ಸೀಸೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು:
ಬಿಳಿ ದಾರದ ತುಂಡುಗಳು, ಅಕ್ಕಿಕಾಳಿಗಿಂತ ತುಸು ಉದ್ದ.
"ಬಾಯಿಂದ ಹೋಗಿರಬೇಕು. ಕೊಳಕು ನೀರು."
ನೀರು ನನ್ನ ಕೊಡದ್ದು.
ಇಪ್ಪತ್ತೈದು ವರ್ಷ ಆ ಕೊಡ ತಿಕ್ಕಿದೆ.

ಮೊನ್ನೆ ರೈಲು ತಪ್ಪಿಸಿಕೊಂಡ ಡಾಕ್ಟರೊಬ್ಬ
ನನ್ನ ಸೂಪು ಕುಡಿಯುತ್ತ ಹೇಳಿದ:
ಈಗ ಗೊತ್ತಾಗಿದೆಯಮ್ಮ, ಬಾಯಿಂದಲ್ಲ, ಕಾಲಿಂದ.
ಕಣ್ಣಿಗೆ ಕಾಣದ ಮರಿ
ಅಂಗಾಲ ಚರ್ಮ ತೂರಿ, ರಕ್ತಕ್ಕೆ ಮೈಬಿಟ್ಟು,
ತೊಡೆ ದಾಟಿ, ಗುಂಡಿಗೆಯ ಬಲಗೋಣೆ ಹೊಕ್ಕು,
ಶ್ವಾಸಕೋಶಕ್ಕೆ.
ಅಲ್ಲಿ ದಾರಿ ಸಣ್ಣದಾದಾಗ
ಗೋಡೆ ಒಡೆದು ಗಾಳಿಗೆ ಬೀಳುತ್ತದೆ,
ಕಫದ ಜೊತೆ ಮೇಲಕ್ಕೇರಿ
ಗಂಟಲಲ್ಲಿ ಕಾಯುತ್ತದೆ, ಒಂದು ಗುಟುಕಿಗೆ.
ನುಂಗಿದರಾಯಿತು. ಕೆಳಗೆ ಕರುಳು,
ಅದೇ ಅದರ ಊರು.

ದೀಪವಿಲ್ಲ, ನಕ್ಷೆಯಿಲ್ಲ, ಸಿಡಿಮದ್ದಿಲ್ಲ.
ಬೆಟ್ಟದ ಎರಡು ತುದಿ ಕೂಡಿದ ದಿನ
ಬಾವುಟ ಕಟ್ಟಿದರು, ಕುಡಿದು ಕುಣಿದರು;
ಇಂಜಿನಿಯರುಗಳ ಲೆಕ್ಕ ಒಂದೂವರೆ ಗೇಣು ತಪ್ಪಿತ್ತಂತೆ.
ಇವು ತಪ್ಪಲಿಲ್ಲ.

ನೀರಿನ ಪಾಪ ಇಳಿಯಿತು ಅಂದುಕೊಂಡೆ.
ಡಾಕ್ಟರಿಗೆ ಇನ್ನೊಂದು ಸೌಟು ಬಡಿಸಿದೆ.
ಆಮೇಲೆ, ಪಾತ್ರೆ ತೊಳೆಯುವಾಗ,
ಕೈ ನಿಂತಿತು.

ಈಗ ಈ ಮನೆಯಲ್ಲಿ ಯಾರೇ ಕೆಮ್ಮಲಿ,
ನಡುರಾತ್ರಿ ಎದ್ದು ಬಟ್ಟಲು ಹಿಡಿದು ನಿಲ್ಲುತ್ತೇನೆ.
ಹುಚ್ಚು ಮುದುಕಿ ಅನ್ನುತ್ತಾರೆ.
ಉಗುಳಪ್ಪ, ಅನ್ನುತ್ತೇನೆ,
ನಿನ್ನ ಅಮ್ಮ ಇಲ್ಲಿಲ್ಲ.