ಮೂರು ಡಾಲರ್ ಹೆಚ್ಚು

ಡುಲೂತಿನ ಲೈಬ್ರರಿ, ನೆಲಮಾಳಿಗೆ, ಮಾರ್ಚ್ ಕೊನೆಯ ವಾರ.
ಸರೋವರದ ಮೇಲೆ ಇನ್ನೂ ಹಿಮದ ಹಲಗೆ.
ಮಡಚುವ ಮೇಜು, ಎರವಲು ಲ್ಯಾಪ್‌ಟಾಪು,
ಕೊರಳಲ್ಲಿ ಚೀಟಿ: ಆರ್ವಿಡ್, ಸ್ವಯಂಸೇವಕ.
ತೆರಿಗೆ ಫಾರಂ ಪುಕ್ಕಟೆ ತುಂಬಿಕೊಡುತ್ತೇವೆ ಇಲ್ಲಿ.
ಕಾಫಿಯೂ ಪುಕ್ಕಟೆ, ಕುಡಿದರೆ ಗೊತ್ತಾಗುತ್ತದೆ.

ಹನ್ನೊಂದನೇ ಟೋಕನ್ನು ಐಲಾ ಕೊಸ್ಕೆಲಾ.
ಬ್ರೆಡ್ಡಿನ ಖಾಲಿ ಚೀಲದಲ್ಲಿ ಕಾಗದಪತ್ರ,
ಚೀಲದ ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು.
ಗಂಡ ಯಾಲ್ಮರ್ ಇವಳ ಹೆಸರಲ್ಲಿ ಕೊಂಡಿದ್ದನಂತೆ
ಕರೆಂಟು ಕಂಪನಿಯ ಷೇರು, ಮೂವತ್ತೇ ಮೂವತ್ತು.
ಡಿವಿಡೆಂಡು ಕೈಗೆ ಬೇಡ, ಅದರಲ್ಲೇ ಇನ್ನಷ್ಟು ಕೊಳ್ಳಿ
ಎಂಬಲ್ಲಿ ಗೀಟು ಹಾಕಿಸಿದ್ದ.
ಹಾಗೆ ವರ್ಷಕ್ಕೆ ನಾಲ್ಕು ಸಲ, ಹತ್ತೊಂಬತ್ತು ವರ್ಷ,
ಷೇರಿನ ಕಾಲು, ಷೇರಿನ ಅರೆಪಾಲು,
ಸೊನ್ನೆ ಬಿಂದು ಮೂರು ಒಂದು ಏಳು.
ಎಲ್ಲ ಮಾರಿದ್ದಾಳೆ ಈಗ,
ಛಾವಣಿಯ ಉತ್ತರದ ಪಾಲಿಗೆ.

ಎಪ್ಪತ್ತೇಳು ಸಾಲು.
ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ತುಂಬಿದೆ.
ಈ ತಂತ್ರಾಂಶಕ್ಕೆ ಚಿಲ್ಲರೆ ಕಂಡರಾಗದು.
ನಲವತ್ತೊಂಬತ್ತು ಸೆಂಟಾದರೆ ಸದ್ದಿಲ್ಲದೆ ನುಂಗುತ್ತದೆ,
ಐವತ್ತಾದರೆ ಕರೆದು ಇಡೀ ಡಾಲರಿನ ಕುರ್ಚಿ ಕೊಡುತ್ತದೆ.
ಸಾಲುಸಾಲಿಗೂ ಇದೇ ನ್ಯಾಯ ನಡೆದು
ಕೆಳಗೆ ಬಂದ ಮೊತ್ತ ನಾಲ್ಕು ಸಾವಿರದ ನೂರ ಇಪ್ಪತ್ತೊಂದು.
ದಲ್ಲಾಳಿಯ ಕಾಗದದಲ್ಲಿ ನೂರ ಹದಿನೆಂಟು,
ಮೇಲೆ ನಲವತ್ತೇಳು ಸೆಂಟು.

‘ಮೂರು ಹೆಚ್ಚು ಬಂತಲ್ಲ, ಆರ್ವಿಡ್.’
‘ದುಂಡು ಮಾಡಿದ ಲೆಕ್ಕ, ಇಲಾಖೆ ಒಪ್ಪುತ್ತದೆ.’
‘ಅವರು ಒಪ್ಪಲಿ. ಬಂದದ್ದು ಎಲ್ಲಿಂದ?’

ಏನು ಹೇಳಲಿ?
ಮೂವತ್ತೊಂದು ವರ್ಷ ಅದಿರು ತೂಗಿದವನು ನಾನು.
ವ್ಯಾಗನ್ನಿಗೊಂದು ತೂಕ, ತೂಕಕ್ಕೊಂದು ದುಂಡು ಅಂಕಿ,
ಇನ್ನೂರು ವ್ಯಾಗನ್ನು ಕೂಡಿಸಿದರೆ ನನ್ನದೊಂದು ಮೊತ್ತ,
ಹಡಗಿನ ಪಕ್ಕೆಯ ಬಿಳಿ ಗೆರೆ ಓದಿ ಕ್ಯಾಪ್ಟನ್ನನದು ಇನ್ನೊಂದು.
ನಡುವೆ ಬಿದ್ದ ಹತ್ತು ಟನ್ನು
ಯಾರ ಕಣಜಕ್ಕೂ ಹೋಗಲಿಲ್ಲ, ಯಾರ ಗಂಟೂ ಮುಳುಗಲಿಲ್ಲ.
ಇಬ್ಬರೂ ನಕ್ಕು ಸಹಿ ಹಾಕುತ್ತಿದ್ದೆವು.
ನೀರಿಗೆ ಮಾತ್ರ ದುಂಡು ಮಾಡಲು ಬರುತ್ತಿರಲಿಲ್ಲ,
ಎಷ್ಟು ಭಾರವೋ ಅಷ್ಟೇ ತಗ್ಗುತ್ತಿತ್ತು ಹಡಗು.

ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.
ತಾರೀಖುಗಳ ಮೇಲೆ ಪೆನ್ಸಿಲ್ಲಿನ ಹಿಂಬದಿ ಇಳಿಸುತ್ತಿದ್ದಳು.
ಇದು ಪೇಪರ್ ಮಿಲ್ಲು ಬಾಗಿಲು ಹಾಕಿದ ಡಿಸೆಂಬರು.
ಇದು ಸೌನಾ ಮನೆ ಸುಟ್ಟ ವರ್ಷ, ಟವೆಲ್ಲು ಅವನದೇ ತಪ್ಪು.
ಇದು ಜೂನ್.
ಸೆಪ್ಟೆಂಬರಿನಲ್ಲಿ ನಿಂತಿತು ಪೆನ್ಸಿಲ್ಲು.
‘ಇದಕ್ಕೆ ಅವನಿರಲಿಲ್ಲ.
ಇಪ್ಪತ್ತೊಂದು ಡಾಲರ್ ಐವತ್ತು ಸೆಂಟಿನದು ಕೊಂಡಿದ್ದಾನೆ ನೋಡು.’
ಆಮೇಲಿನ ಒಂಬತ್ತು ಸಾಲೂ ಹಾಗೆಯೇ,
ಹಾಕಿದ ಗೀಟು ಹಾಕಿದಂತೆ.

ಹಿಂದೆ ಸಾಲಿನವರು ಕೆಮ್ಮಿದರು.
ಉಪಾಯವೊಂದಿತ್ತು, ಹೇಳಿದೆ:
ಎಲ್ಲವನ್ನೂ ಅಳಿಸಿ ಒಂದೇ ಸಾಲು ಬರೆಯಬಹುದು,
ದಲ್ಲಾಳಿಯ ಮೊತ್ತವನ್ನೇ ಇಟ್ಟು
ಕೊಂಡ ದಿನದ ಜಾಗದಲ್ಲಿ ‘ವಿವಿಧ’ ಎಂದರೆ ಸಾಕು,
ಕಾನೂನಿಗೆ ಸರಿ, ಮೂರು ಡಾಲರೂ ಮಾಯ.
ಮಾಡಿಯೂ ತೋರಿಸಿದೆ.
ಪರದೆ ಖಾಲಿಯಾಯಿತು, ಹಸಿರು ಗುರುತು ಬಂತು.

ಬಹಳ ಹೊತ್ತು ನೋಡಿದಳು ಆ ಒಂದು ಪದವನ್ನು.
ಕನ್ನಡಕ ತೆಗೆದಳು, ತೊಟ್ಟಳು.
‘ವಿವಿಧ,’ ಎಂದಳು, ಯಾರದೋ ಹೆಸರು ತಪ್ಪಾಗಿ ಕರೆದ ಹಾಗೆ.
‘ಮೊದಲಿನ ಹಾಗೇ ಮಾಡು.
ಮೂರಕ್ಕೆ ತೆರಿಗೆ ಬಿದ್ದರೆ ಬೀಳಲಿ, ಕೊಡುತ್ತೇನೆ.’

ನಾಲ್ಕು ಹಾಳೆ. ಪ್ರಿಂಟರಿನ ಶಾಯಿ ಮೂರನೆಯದಕ್ಕೇ ಸೊರಗಿತ್ತು,
ಕೊನೆಯದು ಬೆಳಕಿಗೆ ಹಿಡಿದರೆ ಓದಬಹುದಿತ್ತು.
ಚೀಲಕ್ಕೆ ತುರುಕಿ ಕ್ಲಿಪ್ಪು ಸಿಕ್ಕಿಸಿದಳು.

ಹನ್ನೆರಡು ಎಂದು ಕೂಗಿದೆ.