ಕಾಟಾ

ಹುಮನಾಬಾದ ರೋಡಿಗೆ, ದಾಲ್ ಮಿಲ್ಲಿನ ಬಾಜೂಕ
ಲಾರಿ ತೂಗೂ ಕಾಟಾ. ಹದಿನೇಳು ವರ್ಷ
ಅದರ ಡಬ್ಬಾದಂಥ ಖೋಲ್ಯಾಗ ಕುಂತೀನಿ ನಾ, ಅಂಬಾರಾಯ.
ತುಂಬಿದ ಗಾಡಿ ಬರ್ತದ, ಬರೀತೀನಿ.
ಖಾಲಿ ಗಾಡಿ ಹೋಗ್ತದ, ಬರೀತೀನಿ.
ಅದರಾಗ ಇದು ಕಳದ್ರ ತೊಗರಿ.
ಇಷ್ಟೇ ನನ್ನ ವಿದ್ಯಾ.

‘ಓವರ್‌ಲೋಡ್’ ಅಂತಿದ್ರು ಹಮಾಲರು,
ಬೆನ್ನ ಹಿಂದಲ್ಲ, ಮುಂದ ನಿಂತೇ. ನಾನೂ ನಗ್ತಿದ್ದೆ.
ನಗಲಾಕೂ ಉಸರು ಬೇಕು,
ಅದು ಎರಡನೇ ಪಾವಟಗಿಗೇ ತೀರ್ತಿತ್ತು.

ಸೋಲಾಪುರದ ಡಾಕ್ಟರು ಹೊಟ್ಟಿ ಬಾಯಿಗೆ ಪಟ್ಟಿ ಬಿಗದ್ರು.
ಚೀಲಕ್ಕ ಸುತಳಿ ಕಟ್ಟಿದಂಗ, ಅಂದ್ರು.
ಅಲ್ಲ, ಅವರು ಹಂಗ ಅನ್ನಲಿಲ್ಲ, ನಾ ತಿಳಕೊಂಡದ್ದು.
ಪಕ್ಕಲಬಿನ ಕೆಳಗ, ಚರ್ಮದ ಒಳಗ ಒಂದು ಗುಂಡಿ;
ಅದಕ್ಕ ಸೂಜಿ ಚುಚ್ಚಿ ಉಪ್ಪುನೀರು ಹಾಕ್ತಾರ, ಪಟ್ಟಿ ಬಿಗೀತದ.
ಹಸಿವಿಗೂ ಒಂದು ತಿರುಪು ಇರ್ತದ ಅಂತ
ನಲವತ್ತಾರು ವರ್ಷ ಗೊತ್ತಿರಲಿಲ್ಲ.

ಮೊದಲ ಬ್ಯಾಳಿ ಕಟ್ಟು, ಮಜ್ಜಗಿ, ಗಂಜಿ.
ಆಮ್ಯಾಲ ಕೂಸಿಗೆ ಕಿವುಚಿದಂಗ ಕಿವುಚಿದ್ದು.
ಮೂರನೇ ತಿಂಗಳು ರೊಟ್ಟಿ ಮುರದೆ.
ಅವಸರ ಮಾಡಿದೆ. ಎದಿ ನಡುವ ಕಲ್ಲು ಕುಂತಂಗಾಗಿ
ಬಚ್ಚಲಕ್ಕ ಓಡಿದೆ. ಮಹಾನಂದಾ ಬಾಗಲದಾಗ ನಿಂತಿದ್ದಳು.
ಏನೂ ಅನ್ನಲಿಲ್ಲ. ಅಂಗೈಗೆ ಹಿಟ್ಟು ಹತ್ತಿತ್ತು.

ತುತ್ತಿಗೆ ಮೂವತ್ತು ಸಲ ಅಗೀಬೇಕು.
ಎಣಿಸಿ ನೋಡ್ರಿ ಒಮ್ಮೆ. ಹನ್ನೆರಡಕ್ಕ
ಪುಂಡಿಪಲ್ಯದ ಹುಳಿ ಹೋಗ್ತದ,
ಇಪ್ಪತ್ತಕ್ಕ ಜ್ವಾಳದ ಸಿಹಿ ಬರ್ತದ.
ಇಷ್ಟು ರೊಟ್ಟಿ ತಿಂದೀನಿ,
ಜ್ವಾಳ ಸಿಹಿ ಅದ ಅಂತ ಯಾರೂ ಹೇಳಿರಲಿಲ್ಲ.

ಆಕಿ ಕೈಗೆ ಮಾತ್ರ ಇನ್ನಾ ಸುದ್ದಿ ಮುಟ್ಟಿಲ್ಲ.
ಮುಂಜಾನಿ ಟಪ್ ಟಪ್, ಆರು ರೊಟ್ಟಿ ಬಡೀತಾಳ.
ಅರ್ಧ ನನಗ, ಎರಡು ಆಕಿಗಿ. ಉಳದವು
ಕಟಕ ಆಗಿ ಗ್ವಾಡಿಗೆ ಆತು ನಿಂತಾವ
ಒಳಗ ಬರ್ರಿ ಅನ್ನಿಸಿಕೊಳ್ಳದ ಬೀಗರಂಗ.

ಓಣ್ಯಾಗ ಸಕ್ಕರಿ ಬ್ಯಾನಿ ಅಂದ್ರು, ಟೀಬಿ ಅಂದ್ರು.
ನಾ ಏನೂ ಹೇಳಲಿಲ್ಲ.
ಬಾಬುಮಿಯಾ ಟೇಲರ್ ಪ್ಯಾಂಟ ಎತ್ತಿ ಹಿಡದು
‘ಮೂರನೇ ಸಲ ಸಣ್ಣ ಮಾಡ್ಲಾಕತ್ತೀನಿ, ಇನ್ನೊಮ್ಮೆ ಹಿಡದ್ರ
ಹಿಂದಿನ ಜೇಬು ಎರಡೂ ಒಂದಕ್ಕೊಂದು ಮುಟ್ಟತಾವ’ ಅಂದ.

ಎಳ್ಳಮಾಸಿಗೆ ಮಾವನ ಹೊಲಕ್ಕ ಹೋದ್ವಿ.
ಚರಗ ಚಲ್ಲಿ ಬಂದವರೆಲ್ಲ ಭಜ್ಜಿ, ಸಜ್ಜಿ ಕಡಬು
ನನ್ನ ಗಂಗಾಳಕ್ಕೇ ಸುರೀಲಾಕ ಬಂದ್ರು.
ಅಂಗೈ ಅಡ್ಡ ಇಟ್ಟೆ. ಅತ್ತಿ ಮಾರಿ ಸಣ್ಣದಾಯ್ತು.
ಭೂಮಿತಾಯಿಗೇ ಎರಡು ಮುಟಗಿ ಸಾಲ್ತದಲ್ಲ
ಅನ್ನಬೇಕಂದೆ, ಅನ್ನಲಿಲ್ಲ.
ಉಂಡವರು ಬನ್ನಿಗಿಡದ ನೆಳ್ಳಿಗೆ ನಿದ್ದಿ ಹೋದ್ರು.
ನಾ ಇನ್ನಾ ಅಗಿಯಕೋತ ಕುಂತಿದ್ದೆ.

ಮೊದಲ ಹತ್ತು ನಿಮಿಷದಾಗ ಉಂಡು ಏಳ್ತಿದ್ದೆ.
ಆಕಿ ಆಮ್ಯಾಲ, ಒಲಿ ಕಡಿ ಮಾರಿ ಮಾಡಿ, ಒಬ್ಬಾಕಿನೇ.
ಒಂದಿನ ಬ್ಯಾಸತ್ತು
‘ನಿಮ್ಮದು ಮುಗಿಯೂತನಾ ಎಷ್ಟಂತ ಕಾಯ್ಲಿ?’
ಅಂತ ಗಂಗಾಳ ತಂದು ಎದುರಿಗೆ ಕುಂತಳು.
ಮೂವತ್ತು ಎಣಿಸೂದ್ರಾಗ ನೋಡಿದೆ:
ಆಕಿ ಎಡಗಡಿಯಿಂದಷ್ಟೇ ಅಗೀತಾಳ.
‘ಬಲಗಡಿ ದವಡಿ ಹಲ್ಲು ಎಂದ ಹೋತು?’
‘ಆರು ವರ್ಷ ಆಯ್ತಲ್ಲ’ ಅಂದಳು,
ಹಿಂಡಿ ಬಟ್ಟಲ ಈ ಕಡಿ ಸರಿಸಿ.

ಕಾಟಾಕ್ಕ ಹತ್ತು ಕಿಲೋಕಿಂತ ಸಣ್ಣದು ತಿಳಿಯಂಗಿಲ್ಲ.
ರಾತ್ರಿ ಲಾರಿ ಇಲ್ಲದಾಗ ಕಬ್ಬಿಣದ ಹಾಸಿನ ಮ್ಯಾಲ ಹತ್ತಿ ನಿಲ್ತೀನಿ,
ಒಳಗಿಂದ ಮಶಾಕ್ ಕೂಗ್ತಾನ.
ನೂರಾ ನಲವತ್ತು. ಏಳು ವಾರ ನೂರಾ ನಲವತ್ತೇ,
ಆ ಏಳು ವಾರದ ಗಂಜಿ, ವಾಂತಿ, ಸಿಟ್ಟು
ಯಾವ ಚೀಟ್ಯಾಗೂ ಬರಲಿಲ್ಲ.
ನಿನ್ನಿ ‘ನೂರಾ ಹತ್ತು!’ ಅಂತ ಒದರಿದ.
ನಾ ಕೆಳಗ ನೋಡಿದೆ. ಚಪ್ಪಲಿ ಸುತ್ತ
ಯಾವುದೋ ಗಾಡಿಯಿಂದ ಉದುರಿದ ತೊಗರಿ ಕಾಳು.
ಅವೂ ಕೂಡ್ಯಾವೇನೋ ಲೆಕ್ಕದಾಗ.
ಬಗ್ಗಿ ಆರಸಲಾಕತ್ತಿದೆ. ಬಗ್ಗಲಾಕ ಬಂತು.
‘ಇಳೀರಿ’ ಅಂದ ಮಶಾಕ್, ‘ಗಾಡಿ ಬಂತು.’