ಕೆಳಗಿನ ದನಿ

ಹದಿನಾಲ್ಕು ಮಂದಿ, ಒಂದು ಕ್ರೂಸರ್ ಗಾಡಿ,
ಮ್ಯಾಲ ಕ್ಯಾರಿಯರಿಗೆ ಹಗ್ಗ ಹಾಕಿ ಬಿಗದ ಹಾರ್ಮೋನಿಯಂ ಪೆಟಗಿ,
ಅದರ ಮ್ಯಾಲ ಪ್ರಿನ್ಸಿಪಾಲರ ಮನಿಯ ಹಳೇ ರಗ್ಗು.
ಬಾಗಲಕೋಟಿ ನವನಗರದಿಂದ ಬೆಳಗಾವಿಗೆ:
ಗದ್ದನಕೇರಿ ಕ್ರಾಸು, ಲೋಕಾಪುರ, ಸಾಲಹಳ್ಳಿ, ಯರಗಟ್ಟಿ.
ತಗ್ಗು ಬಂದಾಗೊಮ್ಮೆ ಪೆಟಗಿ ತಾನಽ ಒಂದು ಸ್ವರ ಬಿಡತಿತ್ತು.
"ನಿಮಗಿಂತ ಮೊದಲ ಅದಽ ಸುರು ಹಚ್ಚಿತು ನೋಡ್ರಿ"
ಅಂತಿದ್ದ ಡ್ರೈವರ್ ರಾಜೇಸಾಬ.

ಅದಕ್ಕೂ ಮೊದಲ ನಾವು ಹಾಡತಿದ್ದದ್ದು ಒಂದಽ ದನೀಲೆ.
ಗ್ಯಾದರಿಂಗಿಗೆ, ರಾಜ್ಯೋತ್ಸವಕ್ಕ,
ಮಂತ್ರಿ ಬರೂದು ತಡಾ ಆದ್ರ ಅದನ್ನಽ ಇನ್ನೊಂದು ಸಲ.
ಒಬ್ಬಾಕಿ ತಪ್ಪಿದ್ರ ಎಲ್ಲಾರೂ ತಪ್ಪತಿದ್ವಿ, ಭಾಳ ಒಗ್ಗಟ್ಟು.

ಕ್ಯಾಂಪಿನ ಚರ್ಚಿನವರ ಜೋಡಿ ಕೂಡಿ ಹಾಡೂದು ಅಂತ ಠರಾವಾತು.
ಲೊರೆನ್ಸೊ ಸರ್ ಬಂದ್ರು. ಕಿಸೇದಾಗ ಒಂದು ಉಕ್ಕಿನ ಕವಲು,
ಮೊಣಕಾಲಿಗೆ ಬಡದು, ಕಿವಿಗೆ ಹಿಡದು,
ಯಾರಿಗೂ ಕೇಳದ ಸ್ವರಾನ ನಮ್ಮ ಕೈಗೆ ಕೊಟ್ರು.
ಹೊಲಾ ಹರದಂಗ ಹರದ್ರು ನಮ್ಮನ್ನ, ನಾಕು ಪಾಲು.
ನೀಲಾಂಬಿಕಾಗ, ಮೆಹಜಬೀನಗ ಮ್ಯಾಲಿಂದು,
ಅಂದ್ರ ಹಾಡು, ಜನಾ ಹಾಡು ಅನ್ನೂವಂಥಾದ್ದು.
ನನಗ ಬಂದದ್ದು ಕೆಳಗಿನ ದನಿ.
ಅವರು ಏರಿದ್ರ ನಾ ನಿಂತಲ್ಲೇ ನಿಂದರಬೇಕು,
ಅವರು ತಿರುವಿನಾಗ ಹೊಳ್ಳಿದ್ರ
ಒಂದು ಮೆಟ್ಟಲ ಇಳದು ಕಾಯಬೇಕು.
ನಾಕು ಮಾತ್ರೆ ಒಂದು ಸ್ವರ.
ಮತ್ತ ನಾಕು, ಅದಽ ಸ್ವರ.
"ಸರ್, ಇದು ಹಾಡಲ್ರಿ."
"ಹೌದು, ಹಾಡಲ್ಲ. ಅದಕ್ಕೇ ನಿನಗೆ ಕೊಟ್ಟೆ."

ಸೂಟಿಗೆ ಕಮತಗಿಗೆ ಹೋದಾಗ ಅವ್ವ ಕೇಳಿದ್ಳು,
"ಏನ ಕಲತಿ, ಹಾಡ ನೋಡೂಣು."
ಹಾಡಿದೆ. ರೊಟ್ಟಿ ಬಡಿಯೂ ಕೈ ನಿಂತಿತು.
"ಇದ್ಯಾವ ಧಾಟಿಯವಾ?
ಕತ್ತಲದಾಗ ಬಾಗಲಾ ಸಿಗದ
ಗ್ವಾಡಿ ಸವರಿಕೋತ ಅಡ್ಡ್ಯಾಡಿದಂಗ ಐತಿ."
ಕಾಕಾನ ಮಗಳು ಮುಖಾ ಸಿಂಡರಿಸಿದ್ಳು,
"ನೀಲಾಂಬಿಕಾ ಹಾಡಿದ್ದು ಕೇಳೇನಿ, ಅದು ಬ್ಯಾರೆ."
ಅದಽ ಇದು, ಅನ್ನಲಿಲ್ಲ ನಾನು.

ಬೆಳಗಾವಿ ಥಂಡಿ. ಕಟಗಿ ಬೆಂಚು, ಎತ್ತರದ ಕಿಡಕಿ.
ಅವ್ವಂದಿರ ಇಳಕಲ್ ಸೀರಿ ಏಳು, ಪಿನ್ನಿನ ಡಬ್ಬಿ ಒಂದಽ.
ಯರಗಟ್ಟಿಯೊಳಗ ಕದ್ದು ಮಿರ್ಚಿ ತಿಂದ ಈರಯ್ಯ
ಕೆಮ್ಮಿಕೋತ ಹಿಂದಿನ ಸಾಲಿಗೆ.
ಅವರು ನಮ್ಮ ವಚನ ಹಾಡಿದ್ರು, ಒತ್ತಕ್ಷರ ಮೆತ್ತಗ ಮಾಡಿ.
ನಾವು ಅವರ ಲ್ಯಾಟಿನ್ ಹಾಡಿದ್ವಿ, ಅಂಗೈಮ್ಯಾಲ ಕನ್ನಡದಾಗ ಬರಕೊಂಡು;
ಎರಡನೇ ನುಡಿ ಬರೂದ್ರಾಗ ಬೆವರಿಗೆ ಅಕ್ಷರ ಹರದು
ಬಾಯಿಗೆ ಬಂದದ್ದಽ ಲ್ಯಾಟಿನ್ ಆತು.

ನನ್ನ ಬಾಜೂಕ ನಿಂತಿದ್ಳು ಆಗಸ್ತೀನಾಬಾಯಿ,
ರಿಟೈರಾದ ನರ್ಸು, ಅವರ ಕಡಿಂದ ಕೆಳಗಿನ ದನಿ.
ಚಾ ಕುಡಿಯೂಮುಂದ ಬಿಸ್ಕೀಟ ಮುರದು ಅರ್ಧಾ ಕೊಟ್ಟು ಅಂದ್ಳು,
"ನಲವತ್ತು ವರ್ಷ ಹಾಡಿದೆ ಮಗಾ,
ಹೊರಗೆ ಹೋಗ್ತಾ ಒಬ್ಬರೂ ನನ್ನದು ಗುನುಗಲಿಲ್ಲ."
ಅಂದು ನಕ್ಕಳು. ಸಿಟ್ಟಿನ ನಗಿಯೋ ಏನೋ ತಿಳೀಲಿಲ್ಲ.
ಅರ್ಧಾ ಬಿಸ್ಕೀಟು ಚಾದಾಗ ಮುಳುಗಿತು.

ರಾತ್ರಿ ಹೊಳ್ಳಿ ಹೊಂಟ್ವಿ.
ನೆನಪಿನ ಕಾಣಿಕಿ ಒಂದು ಗಡಿಯಾರ, ಸೆಲ್ಲಿಲ್ಲದ್ದು,
ಕುಂದಾದ ಡಬ್ಬಿ ಯಾರದೋ ತೊಡಿಮ್ಯಾಲ ಖಾಲಿ.
ಎಲ್ಲಾರೂ ಒಬ್ಬರ ಹೆಗಲಮ್ಯಾಲ ಒಬ್ಬರು ನಿದ್ದಿ.
ಮುಂದಿನ ಸೀಟಿನ್ಯಾಗ ನಾನು,
ದೀಪಕ್ಕ ಎದ್ದು ಬರೂ ಬಿಳೇ ಪಟ್ಟಿ ಎಣಿಸಿಕೋತ
ಸಣ್ಣಗ ಹಾಡಿಕೊಂಡೆ, ನನ್ನ ಪಾಲಿಂದಷ್ಟಽ.

ಭಾಳ ಹೊತ್ತಿಗೆ ರಾಜೇಸಾಬ ಅಂದ,
"ಹಾಡು ಯಾವದಂತ ಗುರ್ತಾ ಹತ್ತಲಿಲ್ಲ ತಂಗಿ.
ಖರೆ ಅದರಾಗ ಯಾರೋ ಬರೂದೈತಿ ಅಂತ ತಿಳೀತು.
ಹಾಡು. ನಿದ್ದಿ ಬರಬಾರದು ನನಗ."

ಸಾಲಹಳ್ಳಿ ದಾಟಿತ್ತು. ಒಂದು ತಗ್ಗು.
ಮ್ಯಾಲ ಪೆಟಗಿ ತನ್ನ ಸ್ವರ ಬಿಟ್ಟಿತು,
ತಪ್ಪು ಸ್ವರ, ಎಂದಿನಂಗ.
ಅದರ ಕೆಳಗ ಹೋಗಿ ನಿಂತೆ.